ಅಂಗಿ ಗುಂಡಿಯಷ್ಟು ಬಿಳುಪು

ಮಾರ್ಚ್ ೫, ಮಂಗಳವಾರ

ಫಿಕ್ಸರ್ ಹನಿಯೇ ಇರಬೇಕು. ಬೇರೇನೂ ಅಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆದಿಟ್ಟರೆ ತಲೆ ಸ್ವಲ್ಪ ತಿಳಿಯಾದೀತು. ಇವಳಿಗೆ ಶಾಲೆಯಲ್ಲಿ ಹೊಲಿಗೆ ಟೀಚರ್ ಕೆಲಸ ಸಿಕ್ಕಿದೆ. ಇಪ್ಪತ್ತೆರಡು ವರ್ಷ ಮನೆಯ ಮುಂದಿನ ಕೋಣೆಯಲ್ಲೇ ಮಷೀನ್ ತುಳಿದವಳು ಇನ್ನು ಸ್ಟಾಫ್ ರೂಮಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಸೇರಲು ಆರೋಗ್ಯದ ಸರ್ಟಿಫಿಕೇಟ್ ಬೇಕು, ಅದಕ್ಕೆ ಎದೆಯ ಎಕ್ಸ್‌ರೇ ಬೇಕು, ಇಪ್ಪತ್ತನೇ ತಾರೀಖಿನೊಳಗೆ. ಗಂಡನೇ ಎಕ್ಸ್‌ರೇ ಟೆಕ್ನಿಷಿಯನ್ ಆಗಿರುವಾಗ ಅವಳು ಸಾಲಿನಲ್ಲಿ ಯಾಕೆ ನಿಲ್ಲಬೇಕು ಎಂದು ಮಧ್ಯಾಹ್ನ ರೋಗಿಗಳೆಲ್ಲ ಖಾಲಿಯಾದ ಮೇಲೆ ಕ್ಲಿನಿಕ್ಕಿಗೆ ಕರೆಸಿಕೊಂಡೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಹಲಗೆಗೆ ಎದೆ ಒತ್ತಿ ನಿಲ್ಲಿಸಿ, ದಿನಕ್ಕೆ ನಲವತ್ತು ಸಲ ಹೇಳುವುದನ್ನೇ ಹೇಳಿದೆ: ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ಹೆಂಡತಿಗೆ ಬಹುವಚನ ಹಾಕಿದೆನೆಂದು ಅವಳಿಗೆ ನಗು ಬಂದು ಅಲುಗಾಡಿದಳು. ಮತ್ತೆ ನಿಲ್ಲಿಸಬೇಕಾಯಿತು.

ಎಲ್ಲ ಕಡೆ ಕಂಪ್ಯೂಟರ್ ಬಂದರೂ ನಮ್ಮಲ್ಲಿ ಇನ್ನೂ ಫಿಲಂ. ಕತ್ತಲೆ ಕೋಣೆ, ಕೆಂಪು ದೀಪ, ಮೂರು ತೊಟ್ಟಿ. ಮೊದಲನೆಯದರಲ್ಲಿ ಡೆವಲಪರ್, ಚಿತ್ರ ಮೂಡುವುದು ಅಲ್ಲಿ. ನಡುವೆ ನೀರು. ಮೂರನೆಯದರಲ್ಲಿ ಫಿಕ್ಸರ್, ಮೂಡಿದ್ದು ನಿಲ್ಲುವುದು ಅಲ್ಲಿ. ಇವಳ ಫಿಲಂ ತೊಳೆದು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಾಗ ಬಲಗಡೆ ಮೇಲೆ, ಬರೀ ಕಪ್ಪಿರಬೇಕಾದ ಜಾಗದಲ್ಲಿ, ಅಂಗಿ ಗುಂಡಿಯಷ್ಟು ಬಿಳುಪು ಕಂಡಿತು.

ಫಿಕ್ಸರ್ ತಾಗಿದ ಬೆರಳಿನಿಂದ ಇನ್ನೂ ತೊಳೆಯದ ಫಿಲಂ ಮುಟ್ಟಿದರೆ ಅಲ್ಲಿ ಚಿತ್ರ ಮೂಡದೆ ಬಿಳಿ ಚುಕ್ಕೆ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಹಾಗೆ ಹತ್ತಾರು ಹಾಳು ಮಾಡಿ ಬೈಸಿಕೊಂಡಿದ್ದೇನೆ. ಆ ಚುಕ್ಕೆಯ ಅಂಚು ಕತ್ತರಿಸಿದ ಹಾಗೆ ಚೊಕ್ಕವಾಗಿರುತ್ತದೆ. ಇದರ ಅಂಚು ಮಸುಕು. ಆದರೆ ಮಧ್ಯಾಹ್ನದ ಹೊತ್ತಿಗೆ ನನ್ನ ಕಣ್ಣು ಸೋತಿರುತ್ತದೆ.

ಹೊರಗೆ ಬೆಂಚಿನ ಮೇಲೆ ಕೂತಿದ್ದವಳು, "ಹೆಂಗಿದೆ ನನ್ನ ಫೋಟೋ?" ಎಂದಳು.

"ಹಾಳಾಯ್ತು. ಬಾಗಿಲು ಸರಿಯಾಗಿ ಮುಚ್ಚಿರ್ಲಿಲ್ಲ, ಬೆಳಕು ಬಿತ್ತು. ಇನ್ನೊಂದಿನ ತೆಗೆಯೋಣ."

"ಹಾಳಾಗಿದ್ರೆ ಇಲ್ಲಿ ಕೊಡಿ, ಕಾಲರ್ ಅಚ್ಚಿಗಾಗತ್ತೆ."

ಇವಳ ಕಾಲರ್, ಜೇಬು, ಪಟ್ಟಿಯ ಅಚ್ಚುಗಳೆಲ್ಲ ನಮ್ಮ ಕ್ಲಿನಿಕ್ಕಿನ ಹಾಳಾದ ಫಿಲಂಗಳೇ. ರಟ್ಟಿನಂತೆ ಮುದುಡುವುದಿಲ್ಲ, ವರ್ಷಗಟ್ಟಲೆ ಬಾಳುತ್ತವೆ. ಒಣಗಿದ ಮೇಲೆ ತರುತ್ತೇನೆ ಎಂದೆ. ಕೆಮ್ಮುತ್ತಾ ಎದ್ದಳು. ಎರಡು ತಿಂಗಳಿಂದ ಇರುವ ಕೆಮ್ಮು, ಬಟ್ಟೆಯ ಧೂಳಿನದು.

ಫಿಲಂ ತಂದು ಮನೆಯ ಕಪ್ಪು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನನ್ನ ಕ್ಯಾಮೆರಾಗಳಿಗೆ ಬೇಕಾದ ಹೊಸ ಫಿಲಂ ಇರುವ ಪೆಟ್ಟಿಗೆ ಅದು. ತೆರೆದರೆ ಬೆಳಕು ಬಿದ್ದು ಎಲ್ಲ ಹೋಯಿತು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮದುವೆಯಾದಾಗಿನಿಂದ ಅದನ್ನು ಯಾರೂ ಮುಟ್ಟಿಲ್ಲ.

ಮಾರ್ಚ್ ೬, ಬುಧವಾರ

ತೊಟ್ಟಿಯನ್ನು ಪರೀಕ್ಷೆ ಮಾಡಬೇಕು. ದೋಷ ಅಲ್ಲೇ ಇದ್ದರೆ ಬೇರೆ ಫಿಲಂ ಮೇಲೂ ಬಿಳಿ ಚುಕ್ಕೆ ಬರಲೇಬೇಕು. ಅದಕ್ಕೆ ನನ್ನ ಡಬ್ಬಿ ಕ್ಯಾಮೆರಾಕ್ಕಿಂತ ಒಳ್ಳೆಯ ಸಾಧನ ಯಾವುದಿದೆ?

ನನ್ನಲ್ಲಿರುವ ಹನ್ನೊಂದು ಕ್ಯಾಮೆರಾಗಳೂ ಗುಜರಿಯವನ ಅಂಗಡಿಯವು. ಒಂದಕ್ಕೆ ಹಿಂಬಾಗಿಲಿಲ್ಲ, ಕಪ್ಪು ಟೇಪು ಸುತ್ತಿದ್ದೇನೆ. ಒಂದರ ಕಣ್ಣಿನಲ್ಲಿ ಬೂಷ್ಟು. ಎಲ್ಲಕ್ಕಿಂತ ಪ್ರೀತಿಯದು ಈ ರಟ್ಟಿನ ಡಬ್ಬಿ. ಒಂದೇ ಲೆನ್ಸ್, ಒಂದು ಲಿವರ್, ಅದನ್ನು ಹಿಡಿದಷ್ಟು ಹೊತ್ತು ಒಳಗೆ ಬೆಳಕು. ಫೋಕಸ್ ಇಲ್ಲ, ಮೀಟರ್ ಇಲ್ಲ, ಬುದ್ಧಿಯೇ ಇಲ್ಲ. ಮೇಲಿನ ಸಣ್ಣ ಗಾಜಿನಲ್ಲಿ ಲೋಕ ಎಡಬಲ ಅದಲುಬದಲಾಗಿ ಕಾಣುತ್ತದೆ. ಕ್ಲಿನಿಕ್ಕಿನ ಅವಧಿ ಮುಗಿದ ಎಕ್ಸ್‌ರೇ ಫಿಲಂ ಕತ್ತರಿಸಿ ಕತ್ತಲಲ್ಲಿ ಒಂದೊಂದೇ ತುಂಡು ತುಂಬುತ್ತೇನೆ. ತಟಕ್ಕೆಂದು ಲಿವರ್ ಬೀಳುತ್ತದೆ. ಏನು ಬಂತು ಎಂದು ಕೆಂಪು ದೀಪದ ಕೆಳಗೆ ನೋಡುವವರೆಗೂ ಯಾರಿಗೂ ಗೊತ್ತಿಲ್ಲ. ಆ ಒಂದು ನಿಮಿಷಕ್ಕಾಗಿಯೇ ನಾನು ಈ ಹುಚ್ಚು ಹಚ್ಚಿಕೊಂಡದ್ದು. ತಟ್ಟೆಯಲ್ಲಿ ಖಾಲಿ ಫಿಲಂ ತೂಗಾಡಿಸುತ್ತಿದ್ದರೆ ಮೆಲ್ಲಗೆ ಒಂದು ಮೆಟ್ಟಿಲು, ಆಮೇಲೆ ಇನ್ನೊಂದು.

ನಾನು ತೆಗೆಯುವುದು ಮೆಟ್ಟಿಲು, ನಲ್ಲಿ, ಅಂಗಡಿ ಶಟರ್, ಗೋಡೆ ಮಾತ್ರ. ಮನುಷ್ಯರನ್ನು ತೆಗೆಯುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮನುಷ್ಯರ ಒಳಗನ್ನೇ ನೋಡುವವನಿಗೆ ಹೊರಗಾದರೂ ಉಸಿರಾಡದ ವಸ್ತು ಬೇಕು. "ನಮ್ಮನೆ ಗೋಡೆಗಿರೋ ಅದೃಷ್ಟ ನನಗಿಲ್ಲ" ಎಂದು ಇವಳು ಬಂದವರ ಮುಂದೆಲ್ಲ ಹೇಳಿಯಾಗಿದೆ.

ಇವತ್ತು ನಮ್ಮ ಕಟ್ಟಡದ ಮೆಟ್ಟಿಲು ನಾಲ್ಕು ಸಲ ತೆಗೆದೆ. ಕ್ಲಿನಿಕ್ಕಿನ ಅದೇ ತೊಟ್ಟಿಗಳಲ್ಲಿ ತೊಳೆದೆ. ಬಿಳಿ ಚುಕ್ಕೆ ಬರಲಿಲ್ಲ.

ನಾಲ್ಕು ತುಂಡಿನಿಂದ ಏನನ್ನೂ ಹೇಳುವುದಕ್ಕಾಗುವುದಿಲ್ಲ. ಇನ್ನಷ್ಟು ತೆಗೆಯಬೇಕು.

ಮಾರ್ಚ್ ೭, ಗುರುವಾರ

ಫಿಲಂ ಓದುವ ಡಾಕ್ಟರು ಸೋಮವಾರ ಮತ್ತು ಗುರುವಾರ ಬರುತ್ತಾರೆ. ಬೆಳಿಗ್ಗೆ ಇವಳ ಫಿಲಂ ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ. ತೋರಿಸಿ ಕೈತೊಳೆದುಕೊಳ್ಳುವುದೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡಿದ್ದೆ.

ಅವರು ಕನ್ನಡಕ ಹಣೆಗೇರಿಸಿಕೊಂಡು ಒಂದೊಂದೇ ಫಿಲಂ ದೀಪಕ್ಕೆ ಹಿಡಿದು, "ಇದು ಸರಿ, ಇದು ಸರಿ, ಇದು ಸಿಗರೇಟು" ಎನ್ನುತ್ತ ಹೋದರು. ನಾನು ಪಕ್ಕದಲ್ಲಿ ನಿಂತು ಹೆಸರು ಓದುತ್ತಿದ್ದೆ. ಕೊನೆಯದಾದ ಮೇಲೆ, "ಮತ್ತೇನಾದ್ರೂ ಇದೆಯಾ?" ಎಂದರು.

ಚೀಲಕ್ಕೆ ಕೈ ಹಾಕಿದೆ. ನಿನ್ನೆಯ ಮೆಟ್ಟಿಲಿನ ಚಿತ್ರ ಕೈಗೆ ಸಿಕ್ಕಿತು. ಅದನ್ನೇ ತೋರಿಸಿದೆ.

"ಮೂಳೆ ಮುರಿದಿಲ್ಲ" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದೆ.

ಅವಸರ ಮಾಡಿ ಅವಳನ್ನು ಹೆದರಿಸಿ ಏನು ಪ್ರಯೋಜನ? ಮೊದಲು ಪರೀಕ್ಷೆ ಮುಗಿಯಲಿ.

ಮಾರ್ಚ್ ೯, ಶನಿವಾರ

ಮೆಟ್ಟಿಲಿನಿಂದ ಪರೀಕ್ಷೆ ಸರಿಯಾಗಿ ಆಗುವುದಿಲ್ಲ ಎಂದು ಹೊಳೆಯಿತು. ಎದೆಯ ಫಿಲಂ ಎಂದರೆ ದೊಡ್ಡ ಕಪ್ಪು, ಅದರಲ್ಲಿ ಬಿಳುಪು. ಹಾಗಾಗಿ ಒಂದೇ ಬಣ್ಣದ ಅಗಲವಾದ ಜಾಗ ಚಿತ್ರದಲ್ಲಿರಬೇಕು. ಇವಳು ಬೂದು ಶಾಲು ಹೊದ್ದು ಕಿಟಕಿಯ ಪಕ್ಕ ಮಷೀನಿನ ಮುಂದೆ ಕೂತಿದ್ದಳು. ಶಾಲು ಸಾಕು, ಅವಳೂ ಇದ್ದರೆ ತೊಂದರೆಯೇನಿಲ್ಲ.

ಡಬ್ಬಿ ಅವಳ ಕಡೆ ತಿರುಗಿಸಿದ್ದು ನೋಡಿ ಹಿಂದೆ ತಿರುಗಿದಳು. "ನನ್ನ ಹಿಂದೆ ನಲ್ಲಿ ಇದೆಯಾ?"

"ನಿನ್ನದೇ."

"ಹಾಗಾದ್ರೆ ತಲೆ ಬಾಚ್ಕೊಂಡು ಬರ್ತೀನಿ ಇರಿ."

ಬೇಡವೆಂದರೂ ಕೇಳಲಿಲ್ಲ. ಬಾಚಿಕೊಂಡು ಬಂದು ಶಾಲೆಯ ಗುರುತಿನ ಚೀಟಿಗೆ ತೆಗೆಸಿಕೊಳ್ಳುವವಳಂತೆ ನೆಟ್ಟಗೆ ಕೂತಳು. ಆಮೇಲೆ ಕೆಮ್ಮು ಬಂದು ಬಾಗಿದಳು. ಆಗಲೂ ಲಿವರ್ ಎಳೆದೆ. ಒಟ್ಟು ಆರು.

ಈ ಫಿಲಂಗೆ ಕೆಂಪು ಬಣ್ಣ ಕಾಣಿಸುವುದಿಲ್ಲ. ಕೆಂಪು ದೀಪದ ಕೆಳಗೆ ತೊಳೆಯಬಹುದಾದದ್ದು ಅದಕ್ಕೇ. ಆದ್ದರಿಂದ ಕಾಗದಕ್ಕೆ ಇಳಿಸಿದಾಗ ಅವಳ ತುಟಿ ಕಪ್ಪಾಯಿತು, ಕೆನ್ನೆಯ ಮೇಲೆ ನಾನು ಯಾವತ್ತೂ ಕಾಣದ ಸಣ್ಣ ಸಣ್ಣ ಮಚ್ಚೆಗಳು ಬಂದವು. ಇಪ್ಪತ್ತೆರಡು ವರ್ಷ ಎದುರಿಗೇ ಇದ್ದ ಮುಖ. ಎಡಹುಬ್ಬಿನ ತುದಿಯಲ್ಲಿ ಕೂದಲು ಸುಳಿ ತಿರುಗಿದೆ. ನೋಡುತ್ತಾ ಕೂತಿದ್ದರಿಂದ ಕಾಗದವನ್ನು ಫಿಕ್ಸರ್‌ನಿಂದ ತೆಗೆಯುವುದೇ ಮರೆತುಹೋಯಿತು.

ಫಿಲಂ ಮೇಲೆ ಬಿಳಿ ಚುಕ್ಕೆ ಇದೆಯೇ ಎಂದು ನೋಡಲಿಲ್ಲ. ನಾಳೆ ನೋಡುತ್ತೇನೆ.

ಸಂಜೆ ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಅವಳ ಕರವಸ್ತ್ರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಮೂರನೆಯದರ ಮೂಲೆಯಲ್ಲಿ ಕೆಂಪು. ಕಿಟಕಿಯ ಬಳಿ ತಂದು ಉಗುರಿನಿಂದ ಕೆರೆದರೆ ಎದ್ದು ಬಂತು. ದಾರ. ಯಾರದೋ ಅಂಗಿಗೆ ಹಾಕಿದ ಕೆಂಪು ದಾರದ ಚೂರು. ಅದನ್ನು ಕೈಯಲ್ಲಿ ಹಿಡಿದು ಬುಟ್ಟಿಯ ಪಕ್ಕದಲ್ಲೇ ಕುಳಿತುಬಿಟ್ಟೆ.

ಮಾರ್ಚ್ ೧೧, ಸೋಮವಾರ

ಡಾಕ್ಟರು ಬಂದಿದ್ದರು. ಚೀಲ ಮನೆಯಲ್ಲೇ ಬಿಟ್ಟು ಹೋಗಿದ್ದೆ.

ಕಾಲರ್ ಅಚ್ಚಿನ ಕಾಟ ಬೇರೆ. ಶಾಲೆಗೆ ಸೇರುವ ಮೊದಲು ಒಪ್ಪಿಕೊಂಡ ಅಂಗಿಗಳನ್ನೆಲ್ಲ ಮುಗಿಸಬೇಕಂತೆ, ಹಳೆಯ ಅಚ್ಚಿನ ಮೂಲೆ ಸವೆದಿದೆಯಂತೆ. "ಆ ಹಾಳಾದ ಫಿಲಂ ತರ್ತೀನಿ ಅಂದಿದ್ರಿ" ಎಂದು ನಿನ್ನೆಯಿಂದ ಮೂರು ಸಲ ಕೇಳಿದಳು. ತಪ್ಪಿಸಿಕೊಳ್ಳಲು ಕ್ಲಿನಿಕ್ಕಿನ ರದ್ದಿಯಿಂದ ಕೈಗೆ ಸಿಕ್ಕಿದ್ದೊಂದು ಎಳೆದುಕೊಂಡು ಬಂದು, "ತಗೋ, ನಿನ್ನ ಫಿಲಂ" ಎಂದು ಕೊಟ್ಟೆ.

ಅರ್ಧ ಗಂಟೆ ಬಿಟ್ಟು ಅಡುಗೆಮನೆಗೆ ಬಂದಳು. ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಫಿಲಂ.

"ಏನ್ರೀ, ನನ್ನ ಎದೆಯಲ್ಲಿ ಮೊಣಕಾಲಿದೆ."

ನೋಡಿದೆ. ಮೊಣಕಾಲೇ. ಯಾವನೋ ಬೈಕಿನಿಂದ ಬಿದ್ದವನದು.

"ತಪ್ಪಿ ಇನ್ನೊಂದು ತಂದೆ" ಎಂದೆ. ಮಗಳು ಪುಸ್ತಕದಿಂದ ತಲೆಯೆತ್ತಿ ಕಿಸಕ್ಕೆಂದಳು. ಇವಳೂ ನಕ್ಕಳು, ಆದರೆ ನಕ್ಕು ಮುಗಿದ ಮೇಲೂ ಒಂದು ಕ್ಷಣ ನನ್ನನ್ನೇ ನೋಡಿದಳು. ಇಪ್ಪತ್ತಾರು ವರ್ಷದ ಸರ್ವಿಸ್ಸಿನಲ್ಲಿ ನಾನು ಒಬ್ಬರ ಫಿಲಂ ಇನ್ನೊಬ್ಬರಿಗೆ ಕೊಟ್ಟದ್ದಿಲ್ಲ. ಅದು ಅವಳಿಗೂ ಗೊತ್ತು, ನನಗೆ ಅದರದ್ದೇ ಜಂಬ ಎಂದೂ ಗೊತ್ತು.

ಮೊಣಕಾಲಿನಿಂದಲೇ ಕಾಲರ್ ಅಚ್ಚು ಕತ್ತರಿಸಿದಳು.

ಮಾರ್ಚ್ ೧೩, ಬುಧವಾರ

ಬಚ್ಚಲುಮನೆಯ ಹಗ್ಗದಲ್ಲಿ ಜಾಗವಿಲ್ಲ. ಸ್ನಾನಕ್ಕೆ ಹೋದ ಮಗಳು ಬಾಗಿಲು ಅರ್ಧ ತೆರೆದು, "ಅಪ್ಪಾ, ಎಲ್ಲಾ ಅಮ್ಮನೇ ಇದ್ದಾರೆ, ನನಗೆ ಟವಲ್ ಹಾಕೋಕೆ ಜಾಗ ಇಲ್ಲ" ಎಂದಳು. ಎಣಿಸಿದೆ. ಮೂವತ್ತೊಂದು. ಸೂಜಿಗೆ ದಾರ ಪೋಣಿಸುವುದು, ಬಾಯಲ್ಲಿ ಪಿನ್ನು ಕಚ್ಚಿಕೊಂಡು ಬೈಯುವುದು, ನಿದ್ದೆಗಣ್ಣಿನಲ್ಲಿ ಚಹಾ ಸೋಸುವುದು, ಬೀದಿಯಲ್ಲಿ ಚೀಲ ಹಿಡಿದು ಮುಂದೆ ನಡೆಯುವುದು. ಮುಂದಿನ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ, ಅವಳು ಯಾವಾಗಲೂ ಅಲ್ಲೇ ಇರುತ್ತಾಳೆ, ಅಷ್ಟೇ.

ಟೇಪು ಸುತ್ತಿದ ಕ್ಯಾಮೆರಾದ ಒಂದು ಚಿತ್ರದಲ್ಲಿ ಬೆಳಕು ನುಸುಳಿ ಅವಳ ಅರ್ಧ ಮುಖ ಹೋಗಿದೆ. ಅದೊಂದನ್ನು ಹರಿದು ಹಾಕಿದೆ. ಅಂಥದ್ದು ಮನೆಯಲ್ಲಿ ಇರುವುದು ಬೇಡ.

ಬೆಳಿಗ್ಗೆ ಹದಿನೇಳು ಸಲ ಕೆಮ್ಮಿದಳು.

ಮಾರ್ಚ್ ೧೪, ಗುರುವಾರ

ಡಾಕ್ಟರು ಬಂದರು. ಹೋದರು.

ಮಾರ್ಚ್ ೧೬, ಶನಿವಾರ

ಒಗೆದ ಬಟ್ಟೆ ಹರವಲು ಇಬ್ಬರೂ ತಾರಸಿಗೆ ಹೊರಟೆವು. ನಾಲ್ಕು ಮಹಡಿ. ಮೊದಲೆಲ್ಲ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನನಗಿಂತ ಮುಂದೆ ಹೋಗಿ, ಮೇಲಿನಿಂದ "ಅಜ್ಜಾ, ಬನ್ನಿ" ಎನ್ನುತ್ತಿದ್ದಳು. ಇವತ್ತು ಎರಡನೆಯ ತಿರುವಿನಲ್ಲಿ ಬುಟ್ಟಿ ಇಳಿಸಿ ಕಂಬಿ ಹಿಡಿದು ನಿಂತಳು. ನಾನು ಬುಟ್ಟಿ ಎತ್ತಿಕೊಳ್ಳಬೇಕಿತ್ತು. ಕುತ್ತಿಗೆಯಲ್ಲಿದ್ದ ಡಬ್ಬಿ ಎತ್ತಿದೆ.

"ಅದನ್ನ ಕೆಳಗಿಡ್ರೀ ಸ್ವಲ್ಪ" ಎಂದಳು. ದನಿ ಏರಿಸಲಿಲ್ಲ. ಕೆಳಗಿಟ್ಟೆ.

ಉಸಿರು ಸರಿಹೋದ ಮೇಲೆ, "ಶಾಲೆಯಿಂದ ಫೋನ್ ಬಂದಿತ್ತು. ಬುಧವಾರ ಕೊನೇ ದಿನ. ನಿಮಗೆ ಪುರುಸೊತ್ತಿಲ್ಲ ಅಂದ್ರೆ ಹೇಳಿ, ಸೋಮವಾರ ಬೇರೆ ಕಡೆ ತೆಗೆಸ್ಕೋತೀನಿ" ಎಂದಳು.

"ಬೇರೆ ಕಡೆ ಯಾಕೆ?"

"ಮತ್ತೆ ನೀವು ತೆಗೀತಿಲ್ವಲ್ಲ."

ಬೇರೆ ಕಡೆ ಎಂದರೆ ಯಾರೋ ಪರಿಚಯವಿಲ್ಲದವನು ಅವಳ ಎದುರಿಗೇ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಾನೆ. ಸೋಮವಾರ ನಾನೇ ತೆಗೆಯುತ್ತೇನೆ ಎಂದುಬಿಟ್ಟೆ. ಬಟ್ಟೆ ಹರವುವಾಗ ಕ್ಲಿಪ್ಪುಗಳು ಕೈಯಿಂದ ಜಾರಿ ಬೀಳುತ್ತಿದ್ದವು.

ಹೆದರಿಕೆ ಎಂದರೆ ಎದೆ ಬಡಿದುಕೊಳ್ಳುವುದು ಎಂದುಕೊಂಡಿದ್ದೆ. ಹಾಗಲ್ಲ. ಅವಳು ಇಸ್ತ್ರಿ ಮಾಡುತ್ತಾಳೆ, ಮಗಳ ಜಡೆ ಎಳೆದು ಬೈಯುತ್ತಾಳೆ, ಗ್ಯಾಸಿನವನ ಜೊತೆ ಜಗಳವಾಡುತ್ತಾಳೆ, ಎಲ್ಲ ಮೊದಲಿನ ಹಾಗೇ ನಡೆಯುತ್ತದೆ. ನೋಡುತ್ತಿರುವ ನನಗೆ ಮಾತ್ರ ಒಂದು ತುತ್ತು ಇಳಿಯುವುದಿಲ್ಲ.

ಮಾರ್ಚ್ ೧೭, ಭಾನುವಾರ

ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಗುಜರಿಯವನ ಅಂಗಡಿಗೆ ಹೋಗಿದ್ದೆ. ನನಗಾಗಿ ಒಂದು ಕ್ಯಾಮೆರಾ ಎತ್ತಿಟ್ಟಿದ್ದ, ತಗಡಿನದು, ಶಟರ್ ಅರ್ಧಕ್ಕೆ ನಿಲ್ಲುತ್ತದೆ. ಕೇಳಿದ್ದಷ್ಟು ಕೊಟ್ಟೆ. "ಸಾರ್, ಹುಷಾರಿಲ್ವಾ? ಚೌಕಾಸಿನೇ ಮಾಡ್ಲಿಲ್ಲ" ಎಂದ. ಅದನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದದ್ದು ಮನೆ ಬಾಗಿಲಿಗೆ ಬಂದ ಮೇಲೆ ನೆನಪಾಯಿತು.

ಮುಂದಿನ ಕೋಣೆಯಲ್ಲಿ ಮಷೀನ್ ಸದ್ದಿರಲಿಲ್ಲ. ಕತ್ತರಿಸುವ ಮೇಜಿನ ಮೇಲೆ ನನ್ನ ಕಪ್ಪು ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಅದರ ಪಕ್ಕದಲ್ಲಿ ಅವಳ ಮೂವತ್ತೇಳು ಚಿತ್ರಗಳು, ಸಾಲಾಗಿ. ಅವಳು ಕಿಟಕಿಯ ಬಳಿ ನಿಂತು ಎದೆಯ ಫಿಲಂ ಬೆಳಕಿಗೆ ಹಿಡಿದಿದ್ದಳು. ಮೂಲೆಯಲ್ಲಿ ನನ್ನ ಕೈಬರಹದಲ್ಲಿ ಅವಳ ಹೆಸರು, ತಾರೀಖು.

"ಪೆಟ್ಟಿಗೆ ತೆಗೆದೆ. ಒಳಗಿದ್ದ ಹೊಸದೆಲ್ಲ ಹಾಳಾಗಿರತ್ತೆ" ಎಂದಳು.

"ಇರಲಿ" ಎಂದೆ.

"ಮದುವೆಯಾದ ಹೊಸತರಲ್ಲಿ ನೀವು ನನಗೆ ಹೇಳ್ಕೊಟ್ಟ ಮೊದಲನೇ ಪಾಠ ಏನು ಗೊತ್ತಾ? ಬೆಳಕು ಬಿದ್ರೆ ಫಿಲಂ ಕಪ್ಪಾಗತ್ತೆ ಅಂತ. ಈ ಪೆಟ್ಟಿಗೆ ಮುಟ್ಟಬಾರದು ಅನ್ನೋಕೆ ಅಷ್ಟು ದೊಡ್ಡ ಪಾಠ." ಫಿಲಂ ಮೇಲೆ ಬೆರಳಿಟ್ಟಳು. "ಇದು ಬಿಳಿ ಇದೆಯಲ್ರೀ."

ಬೆಳಕು ಬಿತ್ತು ಎಂಬುದು ಯಾವ ರೋಗಿಯ ಹತ್ತಿರವಾದರೂ ನಡೆಯಬಹುದಾಗಿದ್ದ ಸುಳ್ಳು. ಇವಳೊಬ್ಬಳ ಹತ್ತಿರ ನಡೆಯುವಂಥದ್ದಲ್ಲ. ಹನ್ನೆರಡು ದಿನ ನನಗೆ ಅದು ಹೊಳೆಯಲೇ ಇಲ್ಲ.

"ಫಿಕ್ಸರ್ ಹನಿ ಇರಬಹುದು" ಎಂದೆ.

"ಇರಬಹುದಾ?"

ಅವಳು ಫಿಲಂ ಕೆಳಗಿಟ್ಟು ಚಿತ್ರಗಳ ಸಾಲಿನ ಮುಂದೆ ಬಂದಳು. "ಇದು ಕಾಣೋಕೆ ಮೊದಲೇ ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನದೊಂದು ಫೋಟೋ ತೆಗ್ದವರಲ್ಲ ನೀವು. ಒಂದು ವಾರದಲ್ಲಿ ಇಷ್ಟು ತೆಗ್ದಿದ್ದೀರಿ. ಗಂಡನಿಗೆ ಹೊಸದಾಗಿ ಪ್ರೀತಿ ಬಂದಿದೆ ಅಂತ ಎರಡು ದಿನ ಖುಷಿಯಾಗೇ ಇದ್ದೆ. ಆಮೇಲೆ ನೀವು ಕ್ಯಾಮೆರಾ ಹಿಂದಿಂದ ನೋಡೋ ರೀತಿ ನೋಡಿದೆ. ನೀವು ನನ್ನ ಕೂಡಿಡ್ತಾ ಇದ್ರಿ."

"ನನಗೆ ಹೆದರಿಕೆಯಾಯ್ತು."

"ಅದು ಕಾಣತ್ತೆ. ನನಗೆ ಹೆದರಿಕೆ ಆಗಬಾರದಾ? ನನ್ನ ಎದೆ, ನನ್ನ ಉಸಿರು. ನನ್ನ ಹೆದರಿಕೆನೂ ನೀವೇ ಇಟ್ಕೊಂಡ್ರಲ್ಲ." ಫಿಲಂನ ಮೂಲೆಯ ತಾರೀಖಿನ ಮೇಲೆ ಬೆರಳು ಕುಟ್ಟಿದಳು. "ಹನ್ನೆರಡು ದಿನ ಕಣ್ರೀ. ಡಾಕ್ಟರು ಮೂರು ಸಲ ಬಂದು ಹೋಗಿರ್ತಾರೆ."

ನಾನು ಅತ್ತೆ. ಅವಳು ಅಳಲಿಲ್ಲ, ಮಷೀನಿನ ಮುಂದೆ ಕೂತು ಯಾರದೋ ಅಂಗಿಗೆ ಕಾಲರ್ ಕೂಡಿಸಿದಳು. ಮುಗಿಸಿ ಎದ್ದು ಚಹಾ ಮಾಡಿದಳು. ಲೋಟ ನನ್ನ ಮುಂದಿಟ್ಟು, "ನಾಳೆ ರಿಜಿಸ್ಟರಿನಲ್ಲಿ ಬರೀರಿ" ಎಂದಳು.

ಮಾರ್ಚ್ ೧೮, ಸೋಮವಾರ

ರಿಜಿಸ್ಟರಿನಲ್ಲಿ ಬರೆದೆ. ಅವಳು ಎಲ್ಲರ ಜೊತೆ ಬೆಂಚಿನ ಮೇಲೆ ಕೂತಿದ್ದಳು, ಸರದಿ ಬಂದಾಗ ಹೆಸರು ಕೂಗಿದೆ.

ತೊಳೆಯುವಾಗ ನಾನೂ ಬರುತ್ತೇನೆ ಎಂದಳು. ಕತ್ತಲೆ ಕೋಣೆಗೆ ಬೇರೆಯವರನ್ನು ನಾನು ಬಿಡುವುದಿಲ್ಲ. ಬಿಟ್ಟೆ. ಕೆಂಪು ದೀಪದ ಕೆಳಗೆ ಇಬ್ಬರೂ ತೊಟ್ಟಿಗೆ ಬಾಗಿ ನಿಂತೆವು. ಫಿಕ್ಸರ್ ತಾಗದಿರಲೆಂದು ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದಿದ್ದೆ. ಮೊದಲು ಭುಜದ ಮೂಳೆ ಮೂಡಿತು, ಆಮೇಲೆ ಪಕ್ಕೆಲುಬುಗಳು. ನಾನು ಕಣ್ಣು ಮುಚ್ಚಿಕೊಂಡೆ.

"ಅಲ್ಲೇ ಇದೆ" ಎಂದಳು.

ಡಾಕ್ಟರು ಎರಡು ಫಿಲಂಗಳನ್ನೂ ಅಕ್ಕಪಕ್ಕ ಸಿಕ್ಕಿಸಿ ನೋಡಿದರು. ಇದು ಸರಿ, ಇದು ಸರಿ ಎನ್ನಲಿಲ್ಲ. ಹಳೆಯ ಕಲೆಯೂ ಇರಬಹುದು, ಬೇರೆಯೂ ಇರಬಹುದು, ಸೂಜಿ ಹಾಕಿ ತೆಗೆದು ನೋಡದೆ ಹೇಳಲಾಗದು ಎಂದು ನೇರವಾಗಿ ಅವಳಿಗೇ ಹೇಳಿದರು. ಗುರುವಾರಕ್ಕೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಆಮೇಲೆ ಮೊದಲ ಫಿಲಂನ ತಾರೀಖು ಓದಿ, ಕನ್ನಡಕ ಹಣೆಯಿಂದ ಇಳಿಸಿ ನನ್ನನ್ನು ನೋಡಿದರು.

"ಹದಿಮೂರು ದಿನ" ಎಂದರು. ಚೀಟಿಯನ್ನು ಅವಳ ಕೈಗೆ ಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು.

ಶಾಲೆಗೆ ಅವಳೇ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ರಿಪೋರ್ಟ್ ಬರುವವರೆಗೆ ಕಾಯುತ್ತಾರಂತೆ.

ಫಿಲಂ ತೆಗೆದ ಹೊತ್ತಿನ ಒಂದು ಸಂಗತಿ ಬರೆಯುವುದು ಬಿಟ್ಟುಹೋಯಿತು. ಹಲಗೆಗೆ ಎದೆ ಒತ್ತಿ ನಿಲ್ಲಿಸಿ, ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ ಎಂದು ಹೇಳಿ ಸ್ವಿಚ್ ಒತ್ತಿದೆ. ಒತ್ತಿದ ಮೇಲೆ ಸೀಸದ ಅಡ್ಡಗೋಡೆಯ ಹಿಂದೆ ಹಾಗೇ ನಿಂತುಬಿಟ್ಟೆ. ಮೂರನೆಯ ಮಾತು ಹೇಳಲೇ ಇಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಅವಳ ಕುತ್ತಿಗೆ ಕೆಂಪಗಾಗುತ್ತಿರುವುದು ಗಾಜಿನಿಂದ ಕಾಣುತ್ತಿತ್ತು. ಕೊನೆಗೆ ಗೋಡೆಗೆ ಮುಖ ಮಾಡಿಕೊಂಡೇ ಅವಳು, ಹಲ್ಲು ಕಚ್ಚಿ ಕೇಳಿದಳು.

"ಬಿಡ್ಲಾ?"

ಮಾರ್ಚ್ ೨೧, ಗುರುವಾರ

ಹತ್ತು ಗಂಟೆಗೆ ಆಸ್ಪತ್ರೆ. ಎಂಟಕ್ಕೇ ತಯಾರಾಗಿ ಕೂತಿದ್ದೆವು. ಮಗಳನ್ನು ಶಾಲೆಗೆ ಕಳಿಸಿಯಾಗಿತ್ತು, ಅವಳಿಗೂ ಎಲ್ಲ ಹೇಳಿದ್ದೇವೆ. ನಾನು ಚೀಲ ತೆರೆಯುವುದು, ಚೀಟಿ ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು ಮಾಡುತ್ತಿದ್ದೆ.

"ಆ ಡಬ್ಬಿಯಲ್ಲಿ ಫಿಲಂ ಇದೆಯಾ?" ಎಂದು ಕೇಳಿದಳು.

ಪೆಟ್ಟಿಗೆಯಲ್ಲಿದ್ದದ್ದು ಎಲ್ಲ ಹೋಗಿತ್ತು. ಡಬ್ಬಿಯೊಳಗೆ ಶನಿವಾರ ತುಂಬಿದ್ದ ಒಂದು ತುಂಡು ಉಳಿದಿತ್ತು, ಮೆಟ್ಟಿಲಿನ ತಿರುವಿನಲ್ಲಿ ತೆಗೆಯದೆ ಬಿಟ್ಟದ್ದು. ಇದೆ ಎಂದೆ.

"ಕೊಡಿ. ಅಲ್ಲಿ ನಿಂತ್ಕೊಳ್ಳಿ."

ಗೋಡೆಗೆ ಬೆನ್ನು ಹಾಕಿ ನಿಂತೆ. ಅವಳು ಡಬ್ಬಿಯನ್ನು ಮಷೀನಿನ ಮೇಲಿಟ್ಟು, ಸಣ್ಣ ಗಾಜಿಗೆ ಬಗ್ಗಿ, ಎಡಕ್ಕೆ ಹೋಗಿ ಎಂದು ಬಲಕ್ಕೆ ಕೈ ಮಾಡಿದಳು. ಒಳಗೆ ಬೆಳಕು ಕಡಿಮೆ, ಲಿವರ್ ಎಳೆದು ಮೂರು ಎಣಿಸುವವರೆಗೆ ಬಿಡಬಾರದು ಎಂದು ಹೇಳಿಕೊಟ್ಟೆ. ಗೊತ್ತು, ಇಷ್ಟು ವರ್ಷ ನೋಡಿಲ್ವಾ ಎಂದಳು.

"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ."

ಇಪ್ಪತ್ತಾರು ವರ್ಷದಿಂದ ಹೇಳುತ್ತಿರುವ ಮಾತನ್ನು ಇವತ್ತು ಮೊದಲ ಸಲ ಕೇಳಿಸಿಕೊಂಡೆ. ಒಂದು, ಎರಡು, ಮೂರು ಎಂದು ಎಣಿಸಿದಳು. ಆ ಮೂರು ಎಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ.

"ಬಿಡಿ" ಎಂದಳು.

ಆಸ್ಪತ್ರೆಯಲ್ಲಿ ಸೂಜಿ ಹಾಕಿ ತೆಗೆದರು. ನಾನು ಹೊರಗೆ ಕೂತಿದ್ದೆ. ರಿಪೋರ್ಟಿಗೆ ಎಂಟು ದಿನ. ಬೆನ್ನು ನೋಯುತ್ತದೆ ಎಂದು ಮಲಗಿದ್ದಾಳೆ, ಮಗಳು ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ.

ಸಂಜೆ ಬಚ್ಚಲುಮನೆಯಲ್ಲಿ ತಟ್ಟೆ ಇಟ್ಟು ಆ ತುಂಡು ತೊಳೆದೆ. ಕಾಗದಕ್ಕೆ ಇಳಿಸಿ ಹಸಿಯಾಗಿರುವಾಗಲೇ ಅವಳ ಹಾಸಿಗೆಗೆ ತೆಗೆದುಕೊಂಡು ಹೋದೆ. ಮೊಣಕೈ ಊರಿ ಎದ್ದು ದೀಪದ ಕೆಳಗೆ ಹಿಡಿದು ನೋಡಿದಳು.

"ಗೋಡೆ ಚೆನ್ನಾಗಿ ಬಂದಿದೆ" ಎಂದಳು.

ಹೌದು. ಗೋಡೆಯ ಬಿರುಕು, ಕ್ಯಾಲೆಂಡರಿನ ಅಂಕಿಗಳು, ಮೊಳೆಗೆ ತೂಗುಹಾಕಿದ ಮೊಣಕಾಲಿನ ಕಾಲರ್ ಅಚ್ಚು, ಎಲ್ಲ ಎಣಿಸುವಷ್ಟು ಸ್ಪಷ್ಟವಾಗಿವೆ. ಲಿವರ್ ಎಳೆದರೂ ಅವಳ ಕೈಯಲ್ಲಿ ಡಬ್ಬಿ ಒಂದಿಷ್ಟೂ ಅಲುಗಿಲ್ಲ. ನಡುವೆ ನಿಂತಿರುವ ನಾನೊಬ್ಬನೇ ಅಲುಗಾಡಿದ್ದೇನೆ.